ತಿಜೋರಿಯ ಒಳ್ಳೇ ಹೆಸರು

ಕೆಳಮನೆಯ ಮೇಷ್ಟ್ರಿಗೆ ನಿವೃತ್ತಿಯಾದ ಮೇಲೆ ಉಳಿದಿದ್ದ ಒಂದೇ ಓದು ಎಂದರೆ ಬೇರೆಯವರ ಕಾಗದ. ಕಟ್ಟಡದ ಆರೂ ಮನೆಗಳ ಟಪಾಲು ಪೆಟ್ಟಿಗೆಗಳು ಅವರ ಬಾಗಿಲ ಪಕ್ಕದ ಗೋಡೆಯಲ್ಲೇ ಇದ್ದವು. ಕನ್ನಡಕ ಒಳಗೇ ಉಳಿದಿತ್ತು, ಲಕೋಟೆಯ ಮೇಲಿನ ಹೆಸರು ಕಾಣಿಸಲಿಲ್ಲ ಎಂಬ ನೆಪವೂ ಇತ್ತು. ಹೆಸರು ಕಾಣದ ಆ ಕಣ್ಣಿಗೆ ಒಳಗಿನ ಸಣ್ಣಕ್ಷರ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಆ ದಿನ ಬೆಳಿಗ್ಗೆ ಎಂಟಕ್ಕೆ ಅವರು ಮೆಟ್ಟಿಲ ಬುಡದಲ್ಲಿ ನಿಂತು, ಹಾಜರಿ ಕರೆಯುವ ದನಿಯಲ್ಲಿ ಓದಿದರು:

“‘ಮಾನ್ಯ ಗ್ರಾಹಕರೇ, ನಿಮ್ಮ ಮೂರನೆಯ ಸಾಲದ ಕೊನೆಯ ಕಂತು ತಲುಪಿದೆ. ಒಂದು ಕಂತನ್ನೂ ತಪ್ಪಿಸದ ನಿಮ್ಮಂಥವರು ನಮ್ಮ ಹೆಮ್ಮೆ.’ ಭಲೇ! ಏನ್ರೀ ಮೇಲಿನವರೇ, ಮೂರು ಸಾಲ ಮಾಡಿ ಒಂದು ಮಾತು ಹೇಳ್ಬಾರದಾ?”

ಎರಡನೇ ಮಹಡಿಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ತಿಜೋರಿ ಅರ್ಧ ಮುಖದ ನೊರೆಯೊಂದಿಗೇ ದಡದಡ ಇಳಿದು ಬಂದ.

“ಸಾಲಾನಾ? ನಾನಾ? ಕೊಡಿ ಇಲ್ಲಿ!”

ಕಾಗದದ ಮೇಲಿದ್ದದ್ದು ಅವನದೇ ಹೆಸರು, ಅವನದೇ ವಿಳಾಸ.

ತಿಜೋರಿ ಎಂಬುದು ಆಸ್ಪತ್ರೆಯವರು ಇಟ್ಟ ಹೆಸರು. ಅವನು ಅಲ್ಲಿನ ದಾಖಲೆ ಕೋಣೆಯ ಗುಮಾಸ್ತ. ಕಾಲಿಗೆ ಪ್ಲಾಸ್ಟರ್ ಕಟ್ಟಿಕೊಂಡು ಊರುಗೋಲಿನ ಮೇಲೆ ಬಂದು ಎಕ್ಸ್‌ರೇ ಕೇಳಿದವನನ್ನು, “ಈ ಕಾಲು ನಿಮ್ಮದೇ ಅನ್ನೋದಕ್ಕೆ ಏನು ದಾಖಲೆ ಇದೆ?” ಎಂದು ಕೇಳಿದ ಮಹಾಶಯ. ತನ್ನ ಹುಟ್ಟಿದ ದಿನವನ್ನು ಸಹೋದ್ಯೋಗಿಗಳಿಗೆ ಹೇಳುತ್ತಿರಲಿಲ್ಲ. ಹೇಳಿದರೆ ಕಳ್ಳರ ಕೈಗೆ ಸಿಗುತ್ತದೆ ಎಂದು ಅವನು, ತಿಂಡಿ ಕೊಡಿಸಬೇಕಾಗುತ್ತದೆ ಎಂದು ಉಳಿದವರು. ಬಸ್ ಟಿಕೆಟ್ಟನ್ನೂ ಹದಿನಾರು ಚೂರು ಮಾಡಿ ನಾಲ್ಕು ಬೇರೆ ಬೇರೆ ಕಸದ ಬುಟ್ಟಿಗೆ ಹಾಕುತ್ತಿದ್ದ. ಗುರುತಿನ ಚೀಟಿಯ ಜೆರಾಕ್ಸ್ ಒಂದು ಹೆಚ್ಚಾದರೆ ಸುಡುವುದಕ್ಕೆಂದು ತಂದು ಹೆಂಡತಿಯ ಕೈಗೆ ಕೊಡುತ್ತಿದ್ದ. “ಹುಟ್ಟಿದಾಗಿಂದ ಒಬ್ಬರ ಹತ್ರ ಒಂದು ಪೈಸೆ ಸಾಲ ಮಾಡಿದೋನಲ್ಲ” ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಆ ಹೆಮ್ಮೆಗೆ ಅವತ್ತೇ ಕೊನೆಯ ದಿನವಾಗಿತ್ತು. ಮಧ್ಯಾಹ್ನ ಮೂರಕ್ಕೆ ಬ್ಯಾಂಕಿನಲ್ಲಿ ಮನೆಸಾಲದ ಮಾತುಕತೆ. ಎರಡು ಕೋಣೆಯ ಫ್ಲ್ಯಾಟು, ಒಂದಕ್ಕೆ ದೊಡ್ಡ ಕಿಟಕಿ. ಮನೆ ಮಾರುವಾತ ಸಂಜೆ ಆರರವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿದ್ದ. ಈಗಿನ ಬಾಡಿಗೆ ಮನೆಯಲ್ಲಿ ಮಗನ ಪುಸ್ತಕಗಳು ಮಂಚದ ಕೆಳಗೆ, ಹೆಂಡತಿಯ ಹೊಲಿಗೆ ಮೆಷಿನ್ನು ಮಂಚದ ಕಾಲಬುಡದಲ್ಲಿ. ತಿಜೋರಿ ಕಾಲು ಚಾಚಿ ಮಲಗಿದರೆ ಹೆಬ್ಬೆರಳು ಸೂಜಿಯ ಕೆಳಗೆ ಹೋಗುತ್ತಿತ್ತು.

“ಇದು ಗುರುತಿನ ಕಳ್ಳತನ!” ಎಂದು ಅವನು ಮೆಟ್ಟಿಲ ಮೇಲೆ ಘೋಷಿಸಿದ. “ಯಾವನೋ ನನ್ನ ಹೆಸರಲ್ಲಿ ಸಾಲ ತೊಗೊಂಡಿದಾನೆ!”

ಆರೂ ಬಾಗಿಲು ತೆರೆದವು.

“ತೊಗೊಂಡು ತೀರ್ಸಿದಾನಲ್ಲ,” ಎಂದರು ಮೇಷ್ಟ್ರು. “ಇಂಥ ಕಳ್ಳ ನನಗೂ ಒಬ್ಬ ಸಿಗಬಾರದಾ! ಇರಲಿ, ನಿಮ್ಮ ಪಾಸ್‌ವರ್ಡ್ ಸುಲಭದ್ದಿರ್ಬೇಕು. ಹುಟ್ಟಿದ ತಾರೀಖು ಇಟ್ಟಿದೀರಾ?”

“ಛೆ ಛೆ! ನಾನು ಅಷ್ಟು ದಡ್ಡನಾ? ಉಲ್ಟಾ ಮಾಡಿ ಇಟ್ಟಿದೀನಿ. ಏಳನೇ ತಾರೀಖು ಹನ್ನೊಂದನೇ ತಿಂಗಳು ಅಂದ್ರೆ, ಮೊದಲು ಹನ್ನೊಂದು, ಆಮೇಲೆ…”

ಇಪ್ಪತ್ತು ವರ್ಷ ಕಾಪಾಡಿದ ಗುಟ್ಟು ಎರಡು ನಿಮಿಷದಲ್ಲಿ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಎದುರುಮನೆಯಾಕೆ ಹಾಲಿನ ಚೀಟಿಯ ಹಿಂದೆ ಏನೋ ಬರೆದುಕೊಂಡದ್ದನ್ನು ಅವನು ಗಮನಿಸಲಿಲ್ಲ.

ಹೆಂಡತಿ ಮೇಲಿನಿಂದ ಕೂಗಿದಳು. “ರೀ, ಮೊದ್ಲು ಮುಖ ತೊಳ್ಕೊಳ್ಳಿ ಬನ್ನಿ! ನೊರೆ ಒಣಗ್ತಿದೆ.”

ಒಳಗೆ ಬಂದಾಗ ಅವಳ ಮುಖ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಂತಿತ್ತು. “ಯಾರೋ ಮಾಡಿದ್ರು, ಯಾರೋ ತೀರಿಸಿದ್ರು. ನಿಮ್ಮ ಗಂಟೇನು ಹೋಯ್ತು? ಇವತ್ತೊಂದು ದಿನ ಸುಮ್ನಿರಿ. ಬ್ಯಾಂಕಲ್ಲಿ ಇದನ್ನ ಎತ್ತಬೇಡಿ.”

“ಗಂಟಿನ ಪ್ರಶ್ನೆ ಅಲ್ಲ ಕಣೇ, ಹೆಸರಿನ ಪ್ರಶ್ನೆ. ಆ ಕಳ್ಳನನ್ನ ಸಂಜೆಯೊಳಗೆ ಕಂಬಿ ಎಣಿಸೋ ಹಾಗೆ ಮಾಡ್ಲಿಲ್ಲ ಅಂದ್ರೆ ಕೇಳು.”

ಹೆಂಡತಿ ಏನೂ ಕೇಳಲಿಲ್ಲ. ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚಿ, ಬ್ಯಾಂಕಿಗೆ ಉಡುವ ಸೀರೆ ಹುಡುಕಲು ಹೋದಳು. ಸಾಲಕ್ಕೆ ಜಂಟಿ ಅರ್ಜಿದಾರಳಾಗಿ ಅವಳೂ ಬರಬೇಕಿತ್ತು.

ದಾಖಲೆ ಕೋಣೆಯಲ್ಲಿ ತಿಜೋರಿ ಬೆಳಗಿನಿಂದ ಒಂದು ಕಡತವನ್ನೂ ಮುಟ್ಟಲಿಲ್ಲ. ಕೂತು ಏಳು ಪುಟದ ದೂರು ಬರೆದ. ಐದನೆಯ ಪುಟದ ಹೊತ್ತಿಗೆ ದೇಶ ಎತ್ತ ಸಾಗುತ್ತಿದೆ ಎಂಬಲ್ಲಿಗೆ ಬಂದಿದ್ದ. ಪಕ್ಕದ ಮೇಜಿನವನು ಬಗ್ಗಿ ನೋಡಿದ. ಅವನನ್ನು ಎಲ್ಲರೂ ಪರೋಪಕಾರಿ ಎಂದು ಕರೆಯುತ್ತಿದ್ದರು. ದಿನವೂ ಎರಡು ಬಸ್ಸು ಬದಲಾಯಿಸಿ, ಯಾರದೋ ಕಾಲ ಕೆಳಗೆ ಚಪ್ಪಲಿ ಕಿತ್ತುಕೊಂಡು ಬಂದು, ಬಂದ ಕೂಡಲೇ ಬೇರೆಯವರ ತೊಂದರೆ ವಿಚಾರಿಸುವ ಮನುಷ್ಯ.

“ದೂರು ಆಮೇಲೆ ಸಾರ್. ಮೊದ್ಲು ಎಲ್ಲಾ ಲಾಕ್ ಮಾಡಿಸ್ಬೇಕು. ಕಳ್ಳ ಈಗ್ಲೂ ಒಳಗೇ ಕೂತಿರ್ಬಹುದು.”

ಪರೋಪಕಾರಿ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ಅತ್ತ ಕಡೆಯ ಹುಡುಗಿ ನಯವಾಗಿ ಕೇಳುತ್ತ ಹೋದಳು, ತಿಜೋರಿ ಕಿರುಚುತ್ತ ಹೋದ. ಸಿಗ್ನಲ್ ಸರಿಯಿರಲಿಲ್ಲ. ಖಾತೆ ಸಂಖ್ಯೆ ಹೆರಿಗೆ ವಾರ್ಡಿನವರೆಗೆ ಕೇಳಿಸಿತು. ಎಕ್ಸ್‌ರೇ ಕೋಣೆಯ ಎದುರು ಸಾಲಿನಲ್ಲಿ ಕೂತಿದ್ದ ಮುದುಕರೊಬ್ಬರು, “ಕೊನೇ ನಂಬರ್ ಎರಡೋ ಏಳೋ, ಸ್ವಲ್ಪ ಬಿಡಿಸಿ ಹೇಳಪ್ಪ, ಆ ಮಗೂಗೆ ಕೇಳಿಸ್ತಿಲ್ಲ” ಎಂದು ಸಹಕರಿಸಿದರು. ಅಷ್ಟರಲ್ಲಿ ಲೈನು ಕಟ್ಟಾಯಿತು.

“ಇಲ್ಲಿ ಆಗಲ್ಲ ಸಾರ್,” ಎಂದ ಪರೋಪಕಾರಿ. “ಫೋನು, ಬ್ಯಾಂಕಿಗೆ ಅಂತ ತಂದಿರೋ ಗುರುತಿನ ಚೀಟಿ ಜೆರಾಕ್ಸ್‌ಗಳು, ಎರಡೂ ಕೊಡಿ. ಹೊರಗೆ ಸಿಗ್ನಲ್ ಚೆನ್ನಾಗಿದೆ. ಊಟದ ಹೊತ್ತಲ್ಲಿ ಎಲ್ಲಾ ಕಡೆಯಿಂದ್ಲೂ ಲಾಕ್ ಮಾಡ್ಸಿ ತರ್ತೀನಿ. ಓಟಿಪಿ ಬರ್ತಾವೆ, ನಾನೇ ನೋಡ್ಕೋತೀನಿ. ನೀವು ಆರಾಮಾಗಿ ದೂರು ಮುಗಿಸಿ.”

ತಿಜೋರಿಯ ಕಣ್ಣು ತುಂಬಿ ಬಂತು. ಜಗತ್ತಿನಲ್ಲಿ ಇನ್ನೂ ಇಂಥವರು ಇದ್ದಾರೆ ಎಂದು ಆರನೆಯ ಪುಟದಲ್ಲಿ ಒಂದು ಸಾಲು ಸೇರಿಸಿದ.

ಪರೋಪಕಾರಿ ಮರಳಿದ್ದು ಎರಡು ಗಂಟೆಗೆ. ಮುಖ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. “ಆಯ್ತು ಸಾರ್. ಇನ್ನು ಇರುವೆನೂ ನುಗ್ಗಲ್ಲ.” ಫೋನು ಕೊಟ್ಟ. ಅದರಲ್ಲಿ ಒಂದು ಸಂದೇಶವೂ ಉಳಿದಿರಲಿಲ್ಲ. ಎಷ್ಟು ಚೊಕ್ಕ ಕೆಲಸ ಎಂದು ತಿಜೋರಿ ಮೆಚ್ಚಿದ.

ಬ್ಯಾಂಕಿನಲ್ಲಿ ಮ್ಯಾನೇಜರ್ ಎದ್ದು ನಿಂತು ಕೈ ಕುಲುಕಿದರು. ತಿಜೋರಿಗಾಗಿ ಯಾರೂ ಹಾಗೆ ಎದ್ದು ನಿಂತಿರಲಿಲ್ಲ. ಪ್ಲಾಸ್ಟರಿನವನು ಎದ್ದಿದ್ದ, ಆದರೆ ಅದು ಊರುಗೋಲು ಬೀಸುವುದಕ್ಕೆ.

“ಎಂಟುನೂರ ಹನ್ನೆರಡು ಸಾರ್! ನನ್ನ ಸರ್ವೀಸಲ್ಲಿ ನೋಡಿಲ್ಲ.”

“ಏನದು, ರಕ್ತದಲ್ಲಿ ಸಕ್ಕರೆನಾ?”

“ಕ್ರೆಡಿಟ್ ಸ್ಕೋರ್. ಸಾಲ ತೊಗೊಂಡು ತಪ್ಪದೆ ತೀರಿಸಿದೋರಿಗೆ ಬರೋ ಮಾರ್ಕು. ಮೂರು ಸಾಲ, ಮೂರೂ ಚುಕ್ತಾ, ಪ್ರತಿ ತಿಂಗಳು ಐದನೇ ತಾರೀಖು ಬೆಳಿಗ್ಗೆನೇ ಕಂತು. ನನ್ನದೇ ಆರುನೂರ ನಲವತ್ತು. ನಿಮ್ಮ ಸಾಲ ಮಂಜೂರು ಅಂತಾನೇ ತಿಳ್ಕೊಳ್ಳಿ.”

ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ತಿಜೋರಿ ಅದನ್ನು ಪ್ರೋತ್ಸಾಹ ಎಂದುಕೊಂಡ. ಏಳು ಪುಟವನ್ನೂ ಮೇಜಿನ ಮೇಲೆ ಬಡಿದ.

“ಆ ಮೂರೂ ನನ್ನದಲ್ಲ! ಯಾವನೋ ಬದ್ಮಾಷ್ ನನ್ನ ಹೆಸರಲ್ಲಿ ಮಾಡಿದ್ದು!”

ಮ್ಯಾನೇಜರ್ ಮೆಲ್ಲಗೆ ಕೂತರು. “ಹಾಗಂತೀರಾ? ಅವನ್ನ ತೆಗೆದ್ರೆ ನಿಮ್ಮದು ಖಾಲಿ ಹಾಳೆ.”

“ಖಾಲಿ ಅಂದ್ರೆ ಶುದ್ಧ!”

“ಖಾಲಿ ಅಂದ್ರೆ ಖಾಲಿ. ಸಾಲಾನೇ ಮಾಡದೋನು ಸಾಲ ತೀರಿಸ್ತಾನೆ ಅಂತ ನಾನು ಹೇಗೆ ನಂಬ್ಲಿ? ನೀರಿಗೇ ಇಳಿದಿಲ್ಲ, ಆದ್ರೆ ನೋಡಿ ಮುಳುಗಿಲ್ಲ, ಈಜಿನ ಪದಕ ಕೊಡಿ ಅಂದ ಹಾಗಾಯ್ತು. ನಿಮಗಿಂತ ಆ ಬದ್ಮಾಷೇ ವಾಸಿ ಸಾರ್. ಅವನು ಬಂದ್ರೆ ಈಗ್ಲೇ ಸಾಲ ಕೊಡ್ತೀನಿ.”

“ಮೊದ್ಲು ಅವನನ್ನ ಹಿಡೀರಿ!”

ಮ್ಯಾನೇಜರ್ ನಿಟ್ಟುಸಿರು ಬಿಟ್ಟು ಪರದೆ ನೋಡಿದರು. “ಸಾಲದಲ್ಲಿ ಕೊಂಡ ವಸ್ತು, ಒಂದು ಹೊಲಿಗೆ ಮೆಷಿನ್, ಒಂದು ಅಂಚು ಹೊಲಿಯೋ ಮೆಷಿನ್, ಒಂದು ಫೋನು. ವಿಳಾಸ ನಿಮ್ಮದೇ. ಮೊಬೈಲ್ ನಂಬರ್ ಮಾತ್ರ ಬೇರೆ ಇದೆ. ಇರಿ, ಮಾಡೇ ಬಿಡೋಣ.” ಮೇಜಿನ ಫೋನಿನಲ್ಲಿ ನಂಬರ್ ಒತ್ತಿದರು.

ಹೆಂಡತಿಯ ಬ್ಯಾಗು ಹಾಡತೊಡಗಿತು.

ಅದು ಇಡೀ ಪಲ್ಲವಿಯನ್ನು ಹಾಡಿ ಸುಮ್ಮನಾಗುವವರೆಗೆ ಮೂವರೂ ಅಲುಗಾಡಲಿಲ್ಲ. ಆಮೇಲೆ ಮ್ಯಾನೇಜರ್ ಸೂರಿನ ಫ್ಯಾನಿನ ಕಡೆ ತಿರುಗಿ, ಅದರ ರೆಕ್ಕೆಗಳನ್ನು ಎಣಿಸಲು ಶುರುಮಾಡಿದರು.

“ಆ ಮೆಷಿನ್ನು ನಿನ್ನ ತಮ್ಮ ಕೊಟ್ಟಿದ್ದು ಅಂದಿದ್ಯಲ್ಲೇ!” ತಿಜೋರಿ ಹೆಂಡತಿಯ ಕಡೆ ತಿರುಗಿದ.

“ನನ್ನ ತಮ್ಮ ಒಂದು ಸೂಜಿ ಕೊಟ್ಟೋನಲ್ಲ. ಕಂತಲ್ಲಿ ಕೊಡ್ಸಿ ಅಂತ ಎಷ್ಟು ಸಲ ಕೇಳಿದೆ ನಿಮ್ಮನ್ನ? ಕಂತಿನ ಕಾಗದಕ್ಕೆ ಹೆಸರು ಕೊಟ್ರೆ ಗುಟ್ಟು ಹೋಗುತ್ತೆ ಅಂದ್ರಿ. ಸುಡೋಕೆ ಅಂತ ಜೆರಾಕ್ಸ್ ನೀವೇ ತಂದುಕೊಡ್ತಿದ್ರಿ. ನನ್ನ ಹೆಸರಲ್ಲಿ ಯಾರು ಕೊಡ್ತಾರೆ, ನನಗೇನು ಸಂಬಳದ ಚೀಟಿ ಇದ್ಯಾ?”

“ಸಹಿ?”

“ಹತ್ತು ವರ್ಷದಿಂದ ಮಗನ ಮಾರ್ಕ್ಸ್ ಕಾರ್ಡಿಗೆ ನಿಮ್ಮ ಸಹಿ ಹಾಕ್ತಿರೋದು ಯಾರು ಅಂದ್ಕೊಂಡ್ರಿ? ಹೊಲಿದು ಬಂದ ದುಡ್ಡಲ್ಲೇ ಎಲ್ಲಾ ತೀರಿಸಿದೀನಿ. ನಿಮ್ಮ ಒಂದು ಕಾಸು ಮುಟ್ಟಿಲ್ಲ.”

“ಅಂಗಡಿಯೋರು ಮುಖಾನಾದ್ರೂ ನೋಡ್ಬೇಡ್ವಾ?”

“ಕಂತು ನೋಡ್ತಾರೆ. ಮುಖ ಯಾರು ನೋಡ್ತಾರೆ?”

ಮ್ಯಾನೇಜರ್ ಫ್ಯಾನಿನಿಂದ ಕೆಳಗಿಳಿದರು. “ನನಗೆ ಏನೂ ಕೇಳಿಸ್ಲಿಲ್ಲ. ಹೇಳಿ ಸಾರ್, ದೂರು ತೊಗೊಳ್ಳಲೋ, ಮನೆ ತೊಗೊಳ್ತೀರೋ?”

ತಿಜೋರಿ ಗಡಿಯಾರ ನೋಡಿದ. ನಾಲ್ಕೂ ಕಾಲು. ದೊಡ್ಡ ಕಿಟಕಿಯನ್ನು ನೆನೆದ, ಹೆಬ್ಬೆರಳನ್ನು ನೆನೆದ. ಏಳು ಪುಟಗಳನ್ನೂ ಒಟ್ಟಿಗೆ ಹಿಡಿದು ಹದಿನಾರು ಚೂರು ಮಾಡಿ ನಾಲ್ಕು ಜೇಬಿಗೆ ಹಂಚಿಕೊಂಡ. ಬರೆಯುವಾಗ ಬೇಕಾಗಿದ್ದ ನೀತಿ ಹರಿಯುವಾಗ ಬೇಕಾಗಲಿಲ್ಲ.

“ಹಾಗಾದ್ರೆ ಒಂದು ಹೇಳಿಕೆ ಬರೆದುಕೊಡಿ. ‘ಇಂದಿನವರೆಗೆ ನನ್ನ ಹೆಸರಿನಲ್ಲಿರುವ ಎಲ್ಲ ಸಾಲಗಳನ್ನೂ ನಾನೇ ಸ್ವಇಚ್ಛೆಯಿಂದ ಪಡೆದಿರುತ್ತೇನೆ.’ ಕೆಳಗೆ ಸಹಿ.”

ತಿಜೋರಿ ಸಹಿ ಹಾಕಿದ. ಮ್ಯಾನೇಜರ್ ಹಳೆಯ ಸಹಿಯ ಪಕ್ಕ ಇಟ್ಟು ನೋಡಿ ತಲೆಯಾಡಿಸಿದರು. “ಹೊಂದ್ತಿಲ್ಲ. ಹಳೇದು ಇದಕ್ಕಿಂತ ನೀಟಾಗಿದೆ.”

“ಕೊನೇಲಿ ಗೆರೆ ಮೇಲಕ್ಕೆ ಎಳೀರಿ,” ಎಂದು ಹೆಂಡತಿ ಪಿಸುಗುಟ್ಟಿದಳು. “ಎರಡನೇ ಅಕ್ಷರ ಸ್ವಲ್ಪ ದಪ್ಪ.”

ಮೂರನೇ ಪ್ರಯತ್ನಕ್ಕೆ ತಿಜೋರಿಯ ಸಹಿ ತಿಜೋರಿಯ ಸಹಿಯಂತಾಯಿತು. ಮ್ಯಾನೇಜರ್ ಮುದ್ರೆ ಒತ್ತಿ, ಕಡತದೊಳಗೆ ಸೇರಿಸಿ, “ಕೊನೇ ಸಲ ಒಂದು ಪರೀಕ್ಷೆ, ಬರೀ ಪದ್ಧತಿಗೆ” ಎನ್ನುತ್ತ ಗುಂಡಿ ಒತ್ತಿದರು. ಪರದೆಯ ಮೇಲೆ ಚಕ್ರ ತಿರುಗಿತು, ನಿಂತಿತು. ಅವರ ಮುಖದ ನಗೆ ಕರೆಂಟು ಹೋದಂತೆ ಹೋಯಿತು.

“ಈಗ ನಾಲ್ಕು ಸಾಲ ತೋರಿಸ್ತಿದೆ. ಸ್ಕೂಟರ್ ಸಾಲ, ಕೆಂಪು ಬಣ್ಣ, ಮೂರು ವರ್ಷದ ಕಂತು. ಇವತ್ತೇ ಮಧ್ಯಾಹ್ನ ಒಂದೂ ಹತ್ತಕ್ಕೆ ಮಂಜೂರಾಗಿದೆ.” ಹೆಂಡತಿಯ ಕಡೆ ನೋಡಿದರು. “ಮೇಡಂ, ಇದೂ…?”

“ನನಗೆ ಸೈಕಲ್ಲೂ ಬರಲ್ಲ!”

“ನಂಬರ್ ಸಾರ್‌ದೇ ಇದೆ. ಓಟಿಪಿ ಅವರ ಫೋನಿಗೇ ಹೋಗಿದೆ.”

ಊಟದ ಹೊತ್ತು. ಹೊರಗಿನ ಸಿಗ್ನಲ್. ತೊಳೆದಿಟ್ಟ ತಟ್ಟೆಯಂಥ ಮುಖ. ತಿಜೋರಿ ಕುರ್ಚಿಯಿಂದ ಹಾರಿ ಎದ್ದ. “ಮೋಸ! ಇದು ಶುದ್ಧ ಮೋಸ!”

“ಅಂತ ಬರೆದುಕೊಡಿ, ತನಿಖೆಗೆ ಕಳಿಸ್ತೀನಿ,” ಎಂದರು ಮ್ಯಾನೇಜರ್. “ಆದ್ರೆ ತನಿಖೆಯೋರು ಒಂದು ಸಾಲ ನೋಡಿ ಎದ್ದು ಹೋಗಲ್ಲ. ನಾಲ್ಕರ ಸಹಿಗಳನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ಈಗಷ್ಟೇ ಹೇಳಿಕೆ ಬೇರೆ ಕೊಟ್ಟಿದೀರಿ.”

ಹೆಂಡತಿಯ ಐದೂ ಉಗುರುಗಳು ಅವನ ಮಣಿಕಟ್ಟಿನಲ್ಲಿ ನೆಟ್ಟವು. ತಿಜೋರಿ ಮೆಲ್ಲಗೆ ಕೂತ.

“ನಂದೇ,” ಎಂದ. “ಮರೆತಿದ್ದೆ.”

“ಸಂತೋಷ. ಆದ್ರೆ ಮನೆಸಾಲ ಕೇಳೋ ದಿನಾನೇ ಸ್ಕೂಟರ್ ತೊಗೊಂಡೋರಿಗೆ ನಾವು ಕೊಡೋ ಹಾಗಿಲ್ಲ. ಒಂದು ವರ್ಷ ಇದರ ಕಂತು ಸರಿಯಾಗಿ ಕಟ್ಟಿ, ಆಮೇಲೆ ಬನ್ನಿ.” ಈ ಸಲ ಮ್ಯಾನೇಜರ್ ಎದ್ದು ನಿಲ್ಲಲಿಲ್ಲ.

ಹೊರಗೆ ಬಂದು ಮನೆ ಮಾರುವಾತನಿಗೆ ಫೋನ್ ಮಾಡಿದ್ದೂ ಆಯಿತು. ಆತ ಎರಡು ಮಾತಿನಲ್ಲಿ ಮುಗಿಸಿದ. ಹೆಂಡತಿ ಗಿರಾಕಿಯೊಬ್ಬರ ರವಿಕೆ ಕೊಡಬೇಕು ಎಂದು, ಹಿಂತಿರುಗಿ ನೋಡದೆ ಬೇರೆ ದಾರಿ ಹಿಡಿದಳು. ತಿಜೋರಿ ಬಸ್ ನಿಲ್ದಾಣದಲ್ಲಿ ಒಬ್ಬನೇ ನಿಂತ. ಮೂರು ಬಸ್ಸುಗಳು ಬಾಗಿಲಿಗೆ ಜನ ಜೋತುಬಿದ್ದು ಹೋದವು.

ಕೆಂಪು ಸ್ಕೂಟರೊಂದು ಬಂದು ಅವನ ಕಾಲಬುಡದಲ್ಲಿ ನಿಂತಿತು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ.

“ಹತ್ತಿ ಸಾರ್, ಮನೆಗೆ ಬಿಡ್ತೀನಿ,” ಎಂದ ಪರೋಪಕಾರಿ. “ಬ್ಯಾಂಕಿನ ಕೆಲಸ ಆಯ್ತಾ?”

ತಿಜೋರಿ ಬಾಯಿ ತೆರೆದ. ನಾಲ್ಕು ಸಹಿಗಳು ಪಕ್ಕಪಕ್ಕ ಕಂಡವು. ಬಾಯಿ ಮುಚ್ಚಿದ. ಒಂದು ಕಾಲೆತ್ತಿ ಹಾಕಿ ಹಿಂದೆ ಕೂತ. ಇನ್ನು ಮೂರು ವರ್ಷ ಕಂತು ಕಟ್ಟುವವನು, ಒಂದು ದಿನ ಹಿಂದೆ ಕೂರುವುದರಲ್ಲಿ ತಪ್ಪೇನಿದೆ?

ಎರಡು ತಿರುವು ದಾಟಿದ ಮೇಲೆ ಸ್ಕೂಟರು ನಿಧಾನವಾಗಿ ಪಂಪಿನ ಕಡೆ ಹೊರಳಿತು. ಪರೋಪಕಾರಿ ಅರ್ಧ ತಿರುಗಿ, ಸಂಕೋಚದಿಂದ ನಕ್ಕ.

“ಸಾರ್, ಪೆಟ್ರೋಲಿಗೆ ಒಂದು ನೂರು ಇದ್ರೆ ಕೊಟ್ಟಿರ್ತೀರಾ? ಸಾಲ ಅಂದ್ಕೊಳ್ಳಿ.”