ಡುಮ್ಮಿಯ ಮರಿಗಳೂ ನನ್ನ ಜ್ವರವೂ

ಹಂದಿ ಸಾಕುವವನಿಗೆ ಎದೆಗಾರಿಕೆ ಬೇಕು ಎನ್ನುತ್ತಾರೆ. ನನ್ನ ಹತ್ತಿರ ಹಂದಿಗಳಿವೆ, ಎದೆಗಾರಿಕೆ ಇಲ್ಲ. ಗೆಜ್ಜಲಗೆರೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದವನು ಮೊದಲು ಹಿತ್ತಲ ಹಂದಿಗೂಡಿಗೆ ಹೋಗಿ, ಎಲ್ಲವೂ ಉಸಿರಾಡುತ್ತಿವೆಯೇ ಎಂದು ನೋಡಿದ ಮೇಲೆಯೇ ನಾನು ಸರಿಯಾಗಿ ಉಸಿರಾಡುವುದು. ಇದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಯಾವುದೋ ಜ್ವರ ಬಂದು ವಾರದಲ್ಲಿ ಗೂಡು ಬರಿದಾಗಿತ್ತು. ಉಳಿದವಳು ಡುಮ್ಮಿ ಒಬ್ಬಳೇ. ಮೂರು ದಿನ ಮಲಗಿದ್ದವಳು ನಾಲ್ಕನೆಯ ದಿನ ಎದ್ದು, ಹಸಿವಿಗೆ ಮೇವಿನ ಬಾನಿಯನ್ನೇ ಮಗುಚಿಹಾಕಿದಳು. ಈಗ ಅವಳಿಗೆ ಒಂಬತ್ತು ಮರಿ. ತಾಯಿಯ ಗಟ್ಟಿ ರಕ್ತ ಮರಿಗಳಿಗೂ ಬಂದಿರುತ್ತದೆ ಎಂದು ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಅಷ್ಟರಲ್ಲಿ ಮಳವಳ್ಳಿ ಕಡೆಯ ಒಂದು ಊರಿಗೆ ಮದ್ದಿಲ್ಲದ ಆಫ್ರಿಕನ್ ಹಂದಿ ಜ್ವರ ಬಂದಿದೆಯೆಂದು ಸುದ್ದಿಯಾಯಿತು. ಒಂದಕ್ಕೆ ಬಂದರೂ ಗೂಡಿನ ಅಷ್ಟನ್ನೂ ಕೊಂದು ಹೂಳುತ್ತಾರೆ. ಬೈಕಿನ ಚಕ್ರಕ್ಕೂ ಬ್ಲೀಚಿಂಗ್ ಪುಡಿ ಹಾಕಿ ತೊಳೆದೆ. ಮಳವಳ್ಳಿಯಿಂದ ಬಾಮೈದ ಹಂದಿಮಾಂಸದ ಸಾರು ತಂದಾಗ ಮಾಂಸದ ಜೊತೆಗೂ ರೋಗ ಬರುತ್ತದಂತೆ ಎಂದು ಅವನನ್ನು ಗೇಟಿನಾಚೆಯೇ ನಿಲ್ಲಿಸಿದೆ.

"ಏನ್ ಬಾವ, ಅಂದಿಗಿಂತ ಕಡೆಯಾದ್ನಾ ನಾನು?"

"ಬೇಜಾರ್ ಮಾಡ್ಕಬೇಡ ಕಣ್ಲಾ. ಸಾರ್ ತಕೊಂಡು ವಾಪಸ್ ಓಗು."

ಅವನು ಹೋದ. ಹೆಂಡತಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಒಂದು ಮರಿ ಮೊಲೆಗೆ ಬಾಯಿ ಹಾಕದೆ ಮೂಲೆ ಹಿಡಿಯಿತು. ಪಶುವೈದ್ಯೆ ಬಂದು ಪರೀಕ್ಷೆಗೆ ರಕ್ತ ತೆಗೆದುಕೊಂಡರು. ನಾನು ಡುಮ್ಮಿಯ ವಂಶಮಹಿಮೆ ವಿವರಿಸಿದೆ.

"ಆಗ ಬಂದಿದ್ದು ಇದೇ ಜ್ವರ ಅಂತ ಯಾರು ಹೇಳಿದರು? ಅವಳು ಬದುಕಿದ್ದು ಅದೃಷ್ಟವೂ ಇರಬಹುದು. ಅದನ್ನು ನಂಬಿ ಕೂರಬೇಡಿ" ಎಂದರು.

ವರದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಈ ರೋಗ ಮನುಷ್ಯರಿಗೆ ಬರುವುದಿಲ್ಲವೆಂದು ಗೊತ್ತಿದ್ದೂ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡೆ. "ಜ್ವರ ಬಂದಿರೋದು ಅಂದಿಗಲ್ಲ ಕಣ್ರೀ, ನಿಮ್ಗೆ" ಎಂದಳು ಹೆಂಡತಿ. ಆದರೆ ಅವಳೂ ಗೂಡಿನ ಕಡೆ ಹೋಗಿ ಆ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಕೊನೆಗೆ ವೈದ್ಯೆಯ ಫೋನ್ ಬಂತು. ರೋಗವಿಲ್ಲ, ಮರಿಯ ಹೊಟ್ಟೆ ಕೆಟ್ಟಿತ್ತಷ್ಟೆ. "ಹಂಗಾದ್ರೆ ತಾಯಿ ಶಕ್ತಿ ಮರಿಗಳಿಗೆ ಬಂದದೆ ಅಂತಾಯ್ತಲ್ಲ ಮೇಡಮ್?" ಎಂದೆ.

"ಅದು ರೋಗ ನಿಮ್ಮ ಗೂಡಿಗೆ ಬಂದರೆ ತಾನೇ ಗೊತ್ತಾಗೋದು?"

"ಹಂಗಾದ್ರೆ ಗೊತ್ತಾಗೋದೇ ಬ್ಯಾಡ ಬುಡಿ" ಎಂದು ಫೋನಿಗೇ ಕೈಮುಗಿದೆ. ಒಂದು ವಿಷಯ ತಿಳಿಯದೇ ಇರಲಿ ಎಂದು ನಾನು ಬೇಡಿಕೊಂಡದ್ದು ಅದೇ ಮೊದಲು. ಅಲ್ಲಿಯವರೆಗಿನ ನನ್ನ ಅಜ್ಞಾನವೆಲ್ಲ ಬೇಡದೆ ಬಂದದ್ದು.