ಮತ್ತು ವದ್ದು

ಇಬ್ಬರು ಡಾಕ್ಟರು ಒಂದೇ ಮಾತು ಹೇಳಿದರೆ ರೋಗಿಗೆ ಧೈರ್ಯ ಬರುತ್ತದೆ. ಇಬ್ಬರೂ ಬೇರೆ ಬೇರೆ ಮಾತು ಹೇಳಿ, ಕೊನೆಗೆ “ನೀವೇನಂತೀರಿ?” ಎಂದು ರೋಗಿಯ ಗಂಡನ ಕಡೆ ತಿರುಗಿದರೆ ಅವನ ಗತಿ ಏನಾಗುತ್ತದೆಂದು ನಾನು ಬಲ್ಲೆ. ನಾನು ಶ್ರೀನಿವಾಸಪುರದಲ್ಲಿ ಕನ್ನಡ ಮೇಷ್ಟ್ರು. ಸಂಧಿ ಸಮಾಸಗಳ ಬಗ್ಗೆ ಯಾರು ಕೇಳಿದರೂ ಅಭಿಪ್ರಾಯ ಕೊಡುತ್ತೇನೆ, ಕೇಳದಿದ್ದರೂ ಕೊಡುತ್ತೇನೆ. ಆದರೆ ಹೆಂಡತಿಯ ಹೊಟ್ಟೆ ಕುಯ್ಯುವಾಗ ಕ್ಲೋರೋಫಾರ್ಮ್ ಒಳ್ಳೆಯದೋ, ಬೆನ್ನಿಗೆ ಸೂಜಿ ಒಳ್ಳೆಯದೋ ಎಂಬ ಪ್ರಶ್ನೆ ನಾನು ಓದಿದ ಯಾವ ವ್ಯಾಕರಣದಲ್ಲೂ ಇರಲಿಲ್ಲ.

ನನ್ನ ಹೆಂಡತಿ ನಾಗಮ್ಮ ರಾಯಲ್ಪಾಡಿನವಳು. ಅಲ್ಲಿ ಎಮ್ಮೆ ಕೂಡ ತೆಲುಗಿನಲ್ಲಿ ಕರೆದರೇ ತಿರುಗಿ ನೋಡುವುದು. ನನಗೆ ತೆಲುಗು ಬರುವುದಿಲ್ಲ ಎಂದು ಮದುವೆಯಾದ ಹೊಸತರಲ್ಲೇ ಅವಳಿಗೆ ಹೇಳಿಬಿಟ್ಟಿದ್ದೆ. ಶುದ್ಧ ಸುಳ್ಳು. ನಮ್ಮಜ್ಜಿ ನನಗೆ ಅನ್ನ ತಿನ್ನಿಸಿದ್ದೇ ತೆಲುಗಿನಲ್ಲಿ. ಆದರೆ ಕನ್ನಡ ಮೇಷ್ಟ್ರ ಮನೆಯಲ್ಲಿ ಕನ್ನಡವೇ ನಡೆಯಬೇಕು, ಹುಟ್ಟುವ ಮಗುವಿನ ಕಿವಿಗೂ ಕನ್ನಡವೇ ಬೀಳಬೇಕು ಎಂದು ನನ್ನ ಹಟ. ಅವಳು “ಸರಿ ಕಣ್ರಿ” ಎಂದು, ಹೊಟ್ಟೆಯೊಳಗಿನ ಮಗುವಿನ ಜೊತೆ ಮಾತ್ರ ಗುಟ್ಟಾಗಿ ತೆಲುಗಿನಲ್ಲೇ ಹರಟುತ್ತಿದ್ದಳು.

ನೋವು ಶುರುವಾಗಿ ಊರಿನ ಸೂಲಗಿತ್ತಿ ಕೈಚೆಲ್ಲಿದಾಗ ಅವಳನ್ನು ಕೋಲಾರಕ್ಕೆ ಕರೆದುಕೊಂಡು ಹೊರಟೆ. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು ಏರು ಬಂದಲ್ಲೆಲ್ಲ ನಿಂತು ಏದುಸಿರು ಬಿಡುತ್ತಿತ್ತು. ಇವಳು ನನ್ನ ಕೈಯನ್ನು ನಜ್ಜುಗುಜ್ಜಾಗುವಂತೆ ಹಿಡಿದಿದ್ದಳು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಮಗು ಅಡ್ಡ ತಿರುಗಿದೆ, ಆಪರೇಷನ್ ಮಾಡದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದರು.

ದೊಡ್ಡ ಡಾಕ್ಟರು ಮೈಸೂರು ಕಡೆಯವರು, ಕ್ಲೋರೋಫಾರ್ಮಿನ ಪಕ್ಷ. “ಹೆಂಗಸು ಹೆದರ್ತಾಳೆ. ಏನೂ ತಿಳೀದ ಹಾಗೆ ಮಲಗ್ಲಿ” ಎಂದರು. ಡಾಕ್ಟರಮ್ಮ ಸೂಜಿಯ ಪಕ್ಷ. “ತಾಯಿಗೆ ಮತ್ತು ಬಂದ್ರೆ ಮಗೂಗೂ ಬರುತ್ತೆ ಸಾರ್. ಹುಟ್ಟಿದ ಮಗು ಅಳಬೇಕು, ತೂಕಡಿಸಬಾರದು. ಸೊಂಟದ ಕೆಳಗೆ ಮರಗಟ್ಟಿದ್ರೆ ಸಾಕು” ಎಂದರು. ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ನಾಗಮ್ಮ ಕೂಗಿದಳು: “ನಾಕು ಮತ್ತು ವದ್ದು!”

ದೊಡ್ಡ ಡಾಕ್ಟರು ಎರಡು ಹೆಜ್ಜೆ ಹಿಂದೆ ಸರಿದರು. “ಮತ್ತೂ ಒದ್ದು? ಮೊದಲೇ ಯಾರನ್ನಾದ್ರೂ ಒದ್ದಿದ್ದಾಳೇನ್ರಿ? ಕಾಲು ಹಿಡ್ಕೊಳ್ಳಿ ಯಾರಾದ್ರೂ!”

“ಒದೆಯಲ್ಲ ಸಾರ್, ವದ್ದು ಅಂದ್ರೆ ತೆಲುಗಿನಲ್ಲಿ ಬೇಡ ಅಂತ. ಅವಳಿಗೆ ಮತ್ತು ಬೇಡವಂತೆ” ಎಂದೆ. ಅಷ್ಟು ನೋವಿನಲ್ಲೂ ನಾಗಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. “ತೆಲುಗು ಬರಲ್ಲ ಅಂದಿದ್ರಿ?” ಎಂದು ಕೇಳಿ, ಆಮೇಲೆ ಮೆಲ್ಲಗೆ, “ಮಗು ಅಳೋದನ್ನ ನಾನೇ ಕೇಳ್ಬೇಕು ಕಣ್ರಿ” ಎಂದಳು. ಡಾಕ್ಟರಮ್ಮ ಅವಳ ತಲೆ ಸವರಿದರು. ಸೂಜಿಯೇ ಗೆದ್ದಿತು.

ಬಾಗಿಲು ಮುಚ್ಚಿತು. ದೇವರನ್ನು ಕನ್ನಡದಲ್ಲೇ ಬೇಡಿಕೊಳ್ಳೋಣವೆಂದು ಬಾಯಿ ತೆರೆದರೆ ಬಂದದ್ದು ಅಜ್ಜಿಯ ತೆಲುಗು. “ಸಾಮೀ, ದಾನ್ನಿ ಬತಿಕಿಂಚು” ಎಂದೆ. ಅವಳನ್ನು ಉಳಿಸಿಕೊಡು, ಮನೆಯಲ್ಲಿ ತೆಲುಗೇ ನಡೆಯಲಿ, ಮಗು ನನ್ನನ್ನು ಅಪ್ಪಾ ಎನ್ನದೆ ‘ನಾಯನಾ’ ಎಂದೇ ಕರೆಯಲಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂದೆ. ಅವಳಿಲ್ಲದ ಮನೆಯಲ್ಲಿ ಯಾವ ಭಾಷೆ ಇದ್ದು ಏನು ಪ್ರಯೋಜನ? ಮೇಷ್ಟ್ರ ಗಂಟಲು, ಎಷ್ಟು ಗಟ್ಟಿಯಾಗಿ ಹೇಳಿದೆನೋ ತಿಳಿಯದು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಹೊರಗೆ ನಾನೂ ಅತ್ತೆ.

ಈಗ ಮಗಳಿಗೆ ನಾಲ್ಕು ವರ್ಷ. ಮೊನ್ನೆ ಸ್ಕೂಲ್ ಇನ್ಸ್‌ಪೆಕ್ಟರು ಮನೆಗೆ ಬಂದಾಗ, ಇವರು ಯಾರೆಂದು ಕೇಳಲು “ನಾಯನಾ, ಈಯನೆವುರು?” ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು. ಅವರು ಹೋದ ಮೇಲೆ, “ಅಪ್ಪಾ ಅನ್ನೋಕೆ ಏನೇ ಕಷ್ಟ ನಿಂಗೆ?” ಎಂದು ಗದರಿದೆ. ಅಡುಗೆಮನೆಯಿಂದ ನಾಗಮ್ಮನ ದನಿ ಬಂತು: “ಆವತ್ತು ಬಾಗಿಲಾಚೆ ನಿಂತು ನೀವು ಒಪ್ಕೊಂಡಿದ್ದನ್ನ ದೇವ್ರು ಮರೆತಿರಬಹುದು ಕಣ್ರಿ. ನಾನು ಎಚ್ಚರವಾಗೇ ಇದ್ದೆ.”

ಕ್ಲೋರೋಫಾರ್ಮ್ ಡಾಕ್ಟರ ಮಾತಿನಲ್ಲೂ ಸ್ವಲ್ಪ ಹುರುಳಿತ್ತೆಂದು ಈಚೆಗೆ ನನಗೆ ಅನ್ನಿಸತೊಡಗಿದೆ.