ವಾಡೇದ ಮಗಳ ರೊಟ್ಟಿ ಸಪ್ಪಳ

ದೊಡ್ಡ ಮನೆತನದ ಹೆಣ್ಣು ಕೂಲಿಯವಳಂಗ ವೇಷ ಹಾಕಿದರೆ ದಿನಕ್ಕೊಂದು ಫಜೀತಿ ಇದ್ದೇ ಇರುತ್ತದೆ. ನನ್ನ ಹೇಂತಿ ಹಂಗಿದ್ದಾಕಿ. ಆಕಿ ತೀರಿಕೊಂಡು ಎರಡು ತಿಂಗಳಾಯಿತು. ಇನ್ನು ಹೇಳಿದರೆ ಆಕಿನ್ನ ಯಾರೂ ಎಳಕೊಂಡು ಹೋಗೂದಿಲ್ಲ.

೧. ಹೊಡಿ

ಆಗ ನಿಜಾಮನ ರಾಜ್ಯ. ಆಕಿ ಮುದಗಲ್ ಕಡೆಯ ಒಬ್ಬ ದೇಸಾಯರ ಮಗಳು. ನಾನು ಅವರ ವಾಡೇದಾಗ, ಆ ದೊಡ್ಡ ಮನಿಯಾಗ, ಬಂಡಿ ಹೊಡಿಯಾವ. ಅಪ್ಪ ಆಕಿನ್ನ ಒಬ್ಬ ಮುದಿ ಜಾಗೀರದಾರಗ ಕೊಡಾಕ ನಿಂತಿದ್ದ. ಒಂದಿನ ಮುಂಜಾನೆ ಬಂಡಿ ಹತ್ತಿ "ಹೊಡಿ" ಅಂದಳು. ಎಲ್ಲಿಗೆ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳುವ ರೂಢಿ ಇರಲಿಲ್ಲ.

ಮಸ್ಕಿ ದಾಟಿದ ಮೇಲೆ ಒಂದು ಗುಡಿ ಬಂತು. "ತಾಳಿ ಕಟ್ಟು" ಅಂದಳು. ಕಟ್ಟಿದೆ. ಬಳಗಾನೂರಾಗ ಇಳಿದ ಮೇಲೆ ಧೈರ್ಯ ಮಾಡಿ ಬಾಯಿ ಬಿಟ್ಟೆ.

"ಅಕ್ಕಾವ್ರ, ಬಂಡಿ ನಿಮ್ಮ ಅಪ್ಪಾವ್ರದು. ಯಾವಾಗ ಹೊಳ್ಳಿ ಕೊಡೂದ್ರಿ?"

ಲಗ್ನ ಆದ ಮೇಲೆ ಹೇಂತಿಗೆ ನಾ ಆಡಿದ ಮೊದಲ ಮಾತು ಅದು.

೨. ರೊಟ್ಟಿ

ಕೂಲಿ ಮಂದಿ ಅಂತ ಹೇಳಿ ಒಂದು ಗುಡಿಸಲು ಹಿಡಿದೆವು. ಗುರುತು ಸಿಕ್ಕರೆ ಆಕಿ ವಾಡೇಕ್ಕ, ನಾನು ಮಣ್ಣಿಗೆ.

ನಮ್ಮ ಕಡೆ ಮನಿಯೊಳಗ ರೊಟ್ಟಿ ಬಡಿಯುವ ಸಪ್ಪಳ ಇಲ್ಲಂದರೆ ಬಾಜು ಮನಿಯವರು ಯಾಕ ಅಂತ ಕೇಳತಾರ. ಆಕಿಗೆ ರೊಟ್ಟಿ ತಿನ್ನಾಕ ಬರತಿತ್ತು, ಅಷ್ಟ. ನಾನು ತಾಯಿ ಇಲ್ಲದಾವ, ಸಣ್ಣಾವ ಇದ್ದಾಗಿಂದ ಬಡಿದು ಗೊತ್ತು. ಕದ ಹಾಕಿಕೊಂಡು ನಾ ಬಡಿಯಾವ. ಸಪ್ಪಳ ನಿಂತ ಮೇಲೆ ಆಕಿ ಮೊಣಕೈತನಕ ಹಿಟ್ಟು ಹಚ್ಚಿಕೊಂಡು ಹೊರಗ ಹೋಗಿ, ಸೊಂಟ ಹಿಡಕೊಂಡು "ಸಾಕಾತವ್ವಾ" ಅನ್ನಾಕಿ.

ಬಾಜು ಮನಿ ಅವ್ವ ನನಗ ಬೈಯಾಕಿ: "ಸೋಮಾರಿ! ಆ ಹುಡಿಗಿ ಕೈ ಸವದು ಹೊಂಟಾವ. ಒಂದಿನರ ಒಲಿ ಮುಂದ ಕುಂತೀಯೇನಲೇ?"

೩. ಗೌಡ

ಕಳೆ ತೆಗಿಯಾಕ ಹೋದಳು. ಬದುವಿನ ಮೇಲೆ ಕುಂತು, "ನೀ ಆ ಸಾಲು ಹಿಡಿ, ನೀ ಈ ಸಾಲು ಹಿಡಿ" ಅಂದಳು. ಹೆಣ್ಣುಮಕ್ಕಳೆಲ್ಲ ಹಿಡಿದರು. ಹೊಲದ ಗೌಡ ಬಂದ. ಅವನಿಗೂ "ಚಪ್ಪಲಿ ಬಿಟ್ಟು ಬಾ" ಅಂದಳು. ಬಿಟ್ಟು ಬಂದ. ಬಂದ ಮೇಲೆ, ಯಾಕ ಬಿಟ್ಟೆ ಅಂತ ಚಿಂತಿ ಮಾಡಿದ.

ಸಂಜಿಗೆ ನನ್ನ ಕರೆಸಿದ. "ಯಾರಲೇ ಆಕಿ?"

"ನನ್ನ ಹೇಂತಿರೀ ಗೌಡ್ರ. ಮಾತು ಸ್ವಲ್ಪ ಜೋರು."

"ನೀ ಹೆಂಗ ಬಾಳೇವು ಮಾಡತೀ?"

"ನನಗ ಚಪ್ಪಲಿ ಇಲ್ಲರೀ."

೪. ಸವಾರ

ಒಂದಿನ ವಾಡೇದ ಮುದುಕ ಆಳು ಕುದುರಿ ಮೇಲೆ ಹುಡುಕುತ್ತ ಬಂದು ಇಳಿದ. ಬಾಜು ಮನಿ ಅವ್ವ ಅವತ್ತು ಸಿಂಧನೂರಿಗೆ ಹೋಗಿದ್ದಳು. ಅದಕ್ಕ ಹೇಂತಿ ಧೈರ್ಯಲೇ ಹೊರಗ ಕಟ್ಟಿ ಮೇಲೆ ಕುಂತಿದ್ದಳು. ನಾ ಒಳಗ ಬಡಿಯಾಕತ್ತಿದ್ದೆ. ಕದದ ಸಂದಿಯಾಗ ನೋಡಿದೆ. ಕೈ ನಿಂತವು.

ಆಕಿ ಸೆರಗು ಮೂಗಿನತನಕ ಎಳಕೊಂಡು, ಬೆನ್ನು ಬಗ್ಗಿಸಿ, ಮುದುಕಿ ದನಿ ತೆಗೆದಳು. "ಯಾಕ ನಿಂತಿಯೇ ಸೊಸಿ? ಬಡಿ!"

ಬಡಿದೆ.

"ಒಳಗ ಯಾರವ್ವ?" ಅಂದ ಆಳು.

"ನನ್ನ ಸೊಸಿ."

"ನಮ್ಮ ಅಕ್ಕಾವ್ರಿಗೆ ಹಿಟ್ಟು ಕಲಸಾಕೂ ಬರೂದಿಲ್ಲ. ಇದು ಆ ಮನಿ ಅಲ್ಲ" ಅಂತ ಅವ ಕುದುರಿ ಹತ್ತಿದ. ಬದುಕಿದೆ ಅಂದುಕೊಂಡೆ. ಅಷ್ಟರಾಗ ಆಕಿ ಎದ್ದು ನಿಂತು ಗದರಿದಳು. "ಕುದುರಿ ಬಾಯಿ ಒಣಗ್ಯಾದ, ಕಾಣೂದಿಲ್ಲೇನ್ಲೇ? ನೀರು ಕುಡಿಸಿ ಹೋಗು!"

"ಆತ್ರೀ ಅಕ್ಕಾವ್ರ" ಅಂತ ಅವ ಜಿಗಿದು ಇಳಿದ.

ಆಕಿ ಮತ್ತ ಸೆರಗು ಎಳಕೊಂಡಳು. ನಾನು ಒಳಗ ಹಿಟ್ಟು ನಾದೂ ಖಾಲಿ ಕೊಣಮಿಗಿ ಬಡಿಯಾಕತ್ತಿದ್ದೆ, ಹಿಟ್ಟು ತೀರಿತ್ತು. ಅವ ಕುದುರಿಗೆ ಸಾವಕಾಶ ನೀರು ಕುಡಿಸಿದ. ಆಕಿ ಕಡೆ ನೋಡಲಿಲ್ಲ. ಹೋಗುವಾಗ ಕದದ ಕಡೆ ಮುಖ ಮಾಡಿ ಅಂದ:

"ಸೊಸಿ, ರೊಟ್ಟಿ ತೆಳ್ಳಗ ಬಡಿಯವ್ವ. ನಿಮ್ಮತ್ತಿಗೆ ದಪ್ಪ ರೊಟ್ಟಿ ಸಣ್ಣಾಕಿ ಇದ್ದಾಗಿಂದ ಸೇರೂದಿಲ್ಲ."

ಮತ್ತ ಯಾರೂ ಹುಡುಕಿಕೊಂಡು ಬರಲಿಲ್ಲ.

೫. ಈಗ

ಆಕಿ ಕೊನಿತನಕ ರೊಟ್ಟಿ ಕಲಿಯಲಿಲ್ಲ. ಹೋದ ಮೇಲೆ ಹದಿನೈದು ದಿನ ನಾ ಒಲಿ ಹಚ್ಚಲಿಲ್ಲ. ಆಮೇಲೆ ಒಂದು ಮುಂಜಾನೆ ಹಿಟ್ಟು ಕಲಸಿದೆ. ಕದ ತೆರೆದೇ ಇಟ್ಟು ಬಡಿದೆ. ಇನ್ನ ಮುಚ್ಚೂದು ಯಾಕ?

ಬಾಜು ಮನಿ ಅವ್ವ ಬಂದು ಬಾಗಿಲದಾಗ ನಿಂತಳು. ಕಣ್ಣಾಗ ನೀರು ತಂದಳು. ಇಷ್ಟು ವರ್ಷ ಗ್ವಾಡಿ ಆಚೆ ಕಿವಿಗೊಟ್ಟು ಕೇಳಿದಾಕಿ.

"ಬಡಿಯಪ್ಪ, ಬಡಿ" ಅಂದಳು. "ಆದ್ರ ಏನರ ಅನ್ನು, ಆಕಿ ಕೈ ಸಪ್ಪಳ ನಿನಗ ಬರೂದಿಲ್ಲ ಬಿಡು."